ಕುದುರೆಯ ಕುಮ್ರಿ ರೋಗ

ಮುಂಬಯಿಗೂ ಕುದುರೆಗೂ ಇರುವ ನಂಟು ಬಹಳ ಹಳೆಯದು. 1874ರಲ್ಲಿ ಇಲ್ಲಿ ಮೊದಲು ಓಡಿದ ಟ್ರಾಮುಗಳನ್ನು ಎಳೆದುದು ಕುದುರೆಗಳೇ. 1883ರಲ್ಲಿ ಮಹಾಲಕ್ಷ್ಮಿಯಲ್ಲಿ ಪಂದ್ಯದ ಮೈದಾನವೇರ್ಪಟ್ಟಿತು. ಮೋಜಿನ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು 2015ರಲ್ಲಿ ಹೈಕೋರ್ಟು ತೀರ್ಪಿತ್ತಿತು. ಆದರೂ ಮದುವೆಯ ಮೆರವಣಿಗೆಗಳಲ್ಲಿ ಕುದುರೆಯನ್ನು ನಾವು ಇಂದಿಗೂ ಕಾಣುತ್ತೇವೆ. ಇಂತಹ ಬಲಶಾಲಿ ಪ್ರಾಣಿಯನ್ನು ನೆಲಕ್ಕುರುಳಿಸಬಲ್ಲ ವ್ಯಾಧಿಯೊಂದುಂಟು. ಅದೇ ಕುಮ್ರಿ. ಹಿಂದುಸ್ತಾನಿಯಲ್ಲಿ ಸೊಂಟಕ್ಕೆ ‘ಕಮರ್’ ಎನ್ನುವುದರಿಂದ ಈ ಹೆಸರು ಬಂದಿದೆ.

ಈ ರೋಗ ತಗಲಿದ ಕುದುರೆ ಮೇವು ತಿನ್ನುತ್ತದೆ. ಸಾಮಾನ್ಯವಾಗಿ ಜ್ವರವೂ ಇರುವುದಿಲ್ಲ. ಆದರೆ ನಡೆಯುವಾಗ ಅದರ ಹಿಂಭಾಗ ಓಲಾಡುತ್ತದೆ; ಹಿಂಗಾಲಿನ ಗೊರಸಿನ ತುದಿ ನೆಲವನ್ನು ಉಜ್ಜುತ್ತದೆ. ತಿರುಗಿಸಿದರೆ ತಡವರಿಸುತ್ತದೆ. ರೋಗ ಬಲಿತರೆ ಮಲಗಿದಲ್ಲಿಂದ ಏಳಲಾರದು. ತಿಳಿಯದವರು ಇದನ್ನು ಸೋಮಾರಿತನವೆಂದು ಬಗೆದು ಚಾಟಿ ಬೀಸುವುದುಂಟು.

ವಾಸ್ತವದಲ್ಲಿ ದೋಷವಿರುವುದು ಕಾಲಿನಲ್ಲಲ್ಲ, ಸೊಂಟದಲ್ಲೂ ಅಲ್ಲ. ಮಿದುಳಿನ ಅಪ್ಪಣೆಯನ್ನು ಕಾಲುಗಳಿಗೆ ಒಯ್ಯುವ ಮಾರ್ಗ ಬೆನ್ನುಹುರಿ. ತಂತಿ ಕೆಟ್ಟರೆ ಸುದ್ದಿ ತಲಪದಂತೆ, ಅಲ್ಲಿ ಗಾಯವೂ ಉರಿಯೂತವೂ ಉಂಟಾದರೆ ಅಪ್ಪಣೆ ಕಾಲನ್ನು ಮುಟ್ಟುವುದಿಲ್ಲ.

ಗಾಯ ಮಾಡುವವರಾರು? ದನ ಎಮ್ಮೆಗಳ ಹೊಟ್ಟೆಯ ಪೊಳ್ಳಿನಲ್ಲಿ ‘ಸೆಟೇರಿಯಾ’ ಎಂಬ ದಾರದಂತಹ ಹುಳು ವಾಸಿಸುತ್ತದೆ. ಅಲ್ಲಿ ಅದರಿಂದ ಹೆಚ್ಚಿನ ಕೇಡಿಲ್ಲ. ಅದರ ಸೂಕ್ಷ್ಮ ಮರಿಗಳು ಜಾನುವಾರಿನ ರಕ್ತದಲ್ಲಿರುತ್ತವೆ. ರಕ್ತ ಹೀರಿದ ಸೊಳ್ಳೆಯ ದೇಹದಲ್ಲಿ ಬೆಳೆಯುತ್ತವೆ. ಆ ಸೊಳ್ಳೆ ಕುದುರೆಯನ್ನು ಕಚ್ಚಿದಾಗ ಮರಿಹುಳುಗಳು ಪರಕೀಯ ಶರೀರದಲ್ಲಿ ದಾರಿತಪ್ಪಿ ಅಲೆಯುತ್ತವೆ. ಬೆನ್ನುಹುರಿಯನ್ನು ಹೊಕ್ಕಾಗ ಅದನ್ನು ಸೀಳುತ್ತ ಸಾಗುತ್ತವೆ. ಕೆಲವೊಮ್ಮೆ ಕುದುರೆಯ ಕಣ್ಣಿನೊಳಗೇ ಇಂತಹ ಹುಳು ಈಜಾಡುವುದು ಕಾಣುತ್ತದೆ! ಸಿಂಹಳ, ಭಾರತ ಹಾಗೂ ಬರ್ಮಾ ದೇಶಗಳ ಕುಮ್ರಿಗೆ ಈ ಹುಳುವಿನ ಅಲೆದಾಟವೇ ಕಾರಣವೆಂದು ಇನ್ನೆಸ್ ಮತ್ತು ಪಿಳ್ಳೆ ಎಂಬ ವಿಜ್ಞಾನಿಗಳು 1955ರಲ್ಲಿ ವಿವರಿಸಿದರು.

ಹೀಗೆ ದನ, ಸೊಳ್ಳೆ, ಕುದುರೆ ಈ ಮೂರೂ ಒಂದೆಡೆ ಕೂಡಿದಲ್ಲಿ ಕುಮ್ರಿಗೆ ಅವಕಾಶವುಂಟು. ನಮ್ಮ ಉಪನಗರಗಳಲ್ಲಿ ಎಮ್ಮೆಗಳ ತಬೇಲಾಗಳಿವೆ. ಮಳೆಗಾಲದಲ್ಲಿ ನಿಂತ ನೀರಿಗೂ ಕೊರತೆಯಿಲ್ಲ. ಆದುದರಿಂದ ಲಾಯವು ತಬೇಲಾದಿಂದ ದೂರವಿರಬೇಕು. ಸುತ್ತಲೂ ನೀರು ನಿಲ್ಲಗೊಡಬಾರದು. ಸಂಜೆಯಾಗುತ್ತಲೇ ಸೊಳ್ಳೆಗಳನ್ನು ತಡೆಯುವ ಜಾಲರಿಯನ್ನು ಹಾಕಬೇಕು.

ಹುಳುವನ್ನು ಕೊಲ್ಲುವ ಔಷಧಿಗಳಿವೆ. ಆದರೆ ಒಮ್ಮೆ ನಾಶವಾದ ನರವನ್ನು ಅವು ಮರಳಿ ಕಟ್ಟಿಕೊಡಲಾರವು. ಚಿಕಿತ್ಸೆ ತಡವಾದಷ್ಟೂ ಗುಣವಾಗುವ ಆಸೆ ಕಡಿಮೆ. ಆದಕಾರಣ ಕುದುರೆ ಹಿಂಗಾಲೆಳೆಯುವುದು ಕಂಡ ದಿನವೇ ಅದನ್ನು ದುಡಿಮೆಯಿಂದ ಬಿಡಿಸಿ ಪಶುವೈದ್ಯರನ್ನು ಕರೆಸಬೇಕು. ನಮ್ಮ ಪರೇಲಿನಲ್ಲಿಯೇ 1886ರಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜಿದೆ.

ವಿದ್ಯಾರ್ಥಿ ಮಿತ್ರರೇ, ಮೆರವಣಿಗೆಯ ಕುದುರೆ ತಡವರಿಸಿದರೆ ನಗಬೇಡಿರಿ. ಅದರ ಗೊರಸನ್ನೊಮ್ಮೆ ನೋಡಿರಿ. ತುದಿ ಸವೆದಿದ್ದರೆ ಅದರ ಒಡೆಯನಿಗೆ ತಿಳಿಸಿರಿ. ತನ್ನ ನೋವನ್ನು ತಾನೇ ಹೇಳಲಾರದ ಪ್ರಾಣಿಗೆ ನಿಮ್ಮ ಆ ಒಂದು ಮಾತೇ ದೊಡ್ಡ ಉಪಕಾರವಾದೀತು.