ಹತ್ತುವ ಮಗುವಿಗೆ ಇಳಿಯುವುದನ್ನೂ ಕಲಿಸೋಣ

ದಬ್ಬೇಘಟ್ಟ ಹೋಬಳಿಯ ಊರುಗಳಲ್ಲಿ ತಾಯಂದಿರ ಸಭೆ ನಡೆಸುವಾಗ ನಮ್ಮ ಕಿವಿಗೆ ಪದೇ ಪದೇ ಬೀಳುವ ದೂರು ಇದು: "ಸಿಸ್ಟರ್, ಇವ್ನಿಗೆ ನೆಟ್ಟಗೆ ನಡೆಯೋಕೇ ಬರಲ್ಲ, ಆಗ್ಲೇ ಮಂಚ ಹತ್ತಿ ಕೂತಿರ್ತಾನೆ. ಮನೆ ಕೆಲಸ ಮಾಡೋದೋ, ಇವ್ನ ಕಾಯೋದೋ?"

ಕೆಲವರು ಸೀರೆಯಿಂದ ಮಗುವನ್ನು ಕಂಬಕ್ಕೆ ಕಟ್ಟುತ್ತಾರೆ. ಕೆಲವರು ಮೊಬೈಲ್ ಕೊಟ್ಟು ಕೂರಿಸುತ್ತಾರೆ. ಕಾಯಿ, ಕೊಬ್ಬರಿ, ದನಕರು, ಅಡುಗೆ ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುವ ತಾಯಿಯನ್ನು ನಾವು ಬೈಯಲು ಬಂದಿಲ್ಲ. ಆದರೆ ಹತ್ತುವುದು ಮಗುವಿನ ತುಂಟತನವಲ್ಲ. ಕೈಕಾಲು, ಕಣ್ಣು ಒಟ್ಟಿಗೆ ಕೆಲಸ ಮಾಡುವುದನ್ನು ಅದು ಕಲಿಯುವುದೇ ಹೀಗೆ. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು ಮೂರು ಗಂಟೆಯಾದರೂ ಮೈಯಾಡಿಸಬೇಕು, ಒಂದು ವರ್ಷದ ಮಗುವಿಗೆ ಟಿವಿ, ಮೊಬೈಲ್ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಗರಗಳಲ್ಲಿ ಗೋಡೆಗೆ ಬಣ್ಣಬಣ್ಣದ ಹಿಡಿಕೆ ಹಾಕಿ, ದುಡ್ಡು ತೆಗೆದುಕೊಂಡು ಮಕ್ಕಳನ್ನು ಹತ್ತಿಸುತ್ತಾರೆ. ನಮಗೆ ಹೊಸ್ತಿಲು, ಜಗಲಿ, ಎರಡು ಮೆಟ್ಟಿಲು ಸಾಕು.

ಮಕ್ಕಳು ಬೀಳುವುದು ಹೆಚ್ಚಾಗಿ ಇಳಿಯುವಾಗ. ಹತ್ತಲು ತಾನಾಗೇ ಕಲಿಯುವ ಮಗು ಇಳಿಯುವಾಗ ಮುಖ ಮುಂದೆ ಮಾಡಿ ಬಗ್ಗುತ್ತದೆ. ಮೈಗೆ ಹೋಲಿಸಿದರೆ ಅದರ ತಲೆ ದೊಡ್ಡದು, ಮುಗ್ಗರಿಸುತ್ತದೆ. ಆದ್ದರಿಂದ ಮೊದಲ ಪಾಠ ಇಳಿಯುವುದೇ. ಮಗುವನ್ನು ಜಗಲಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿಸಿ, ಕಾಲನ್ನು ಅಂಚಿನಾಚೆ ನಿಧಾನವಾಗಿ ಜಾರಿಸಿ, ಪಾದ ನೆಲ ಮುಟ್ಟುವವರೆಗೆ ಸೊಂಟ ಹಿಡಿದುಕೊಳ್ಳಿ. "ಕಾಲು ಮೊದ್ಲು, ಕಾಲು ಮೊದ್ಲು" ಅಂತ ಪ್ರತಿಸಲವೂ ಅದೇ ಮಾತು ಹೇಳಿ. ದಿನಕ್ಕೆ ಹತ್ತು ನಿಮಿಷ ಮಾಡಿದರೆ ಕೆಲವು ವಾರಗಳಲ್ಲಿ ಮಂಚದ ಅಂಚಿಗೆ ಬಂದ ಮಗು ತಾನೇ ತಿರುಗಿಕೊಳ್ಳುವುದನ್ನು ನೋಡುತ್ತೀರಿ.

ಈ ಹತ್ತು ನಿಮಿಷ ಅಪ್ಪನದಾಗಲಿ ಎಂಬುದು ನಮ್ಮ ಆಸೆ. ತೆಂಗಿನಮರ ಹತ್ತಿ ಗೊತ್ತಿರುವ ಗಂಡಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಕಾಲು ಊರದೆ ಕೈ ಬಿಡಬಾರದು. ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ ಬಾಯಿ ಹೊಲಿದು, ಎರಡನ್ನು ಅಕ್ಕಪಕ್ಕ ಇಟ್ಟರೆ ಮಗುವಿಗೆ ಒಳ್ಳೆಯ ಗುಡ್ಡ. ಎತ್ತರ ಅದರ ಎದೆಮಟ್ಟ ಮೀರದಿರಲಿ. ಮಗು ತಾನಾಗಿ ಹತ್ತಲಾರದ ಕಡೆ ನೀವು ಎತ್ತಿ ಕೂರಿಸಬೇಡಿ. ಅಲ್ಲಿಂದ ಇಳಿಯುವ ದಾರಿ ಅದಕ್ಕೆ ಗೊತ್ತಿರುವುದಿಲ್ಲ. ಒಂದೇ ಕೈ ಹಿಡಿದು ಮೇಲಕ್ಕೆ ಎಳೆಯಲೂಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಹಾಗೆ ಎಳೆದರೆ ಮೊಣಕೈ ಮೂಳೆ ಜಾರುವುದುಂಟು. ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಬೇಕು. ಕಾಲ್ಚೀಲ ಬೇಡ, ಬರಿಗಾಲಿನ ಹಿಡಿತವೇ ಹಿಡಿತ.

ಇಷ್ಟು ಹೇಳಿದ ಮೇಲೆ ನಮ್ಮ ಸೀಮೆಯ ಮನೆಗಳ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಡುತ್ತೇವೆ. ಅಷ್ಟೂ ದಿನ ಏಣಿ ಗೋಡೆಗೆ ಒರಗಿರುತ್ತದೆ. ಅಪ್ಪ ಹತ್ತುವುದನ್ನು ಮಗು ದಿನಾ ನೋಡುತ್ತದೆ. ಕೆಲಸ ಮುಗಿದ ಕೂಡಲೇ ಏಣಿ ಮಲಗಿಸಿಡಿ, ಇಲ್ಲವೇ ಆ ಕೋಣೆಗೆ ಚಿಲಕ ಹಾಕಿ. ಕಾಯಿ ರಾಶಿ ಮಗುವಿನ ಕಣ್ಣಿಗೆ ಬೆಟ್ಟದಂತೆ ಕಂಡರೂ ಕಾಲಿಟ್ಟರೆ ಉರುಳುತ್ತದೆ. ಅದರ ಪಕ್ಕದಲ್ಲೇ ಕಾಯಿ ಸುಲಿಯುವ ಚೂಪು ಸಲಾಕೆ ನಿಂತಿರುತ್ತದೆ! ಟಿವಿ ಇಟ್ಟ ಮೇಜು, ನೀರಿನ ತೊಟ್ಟಿ, ಕಿಟಕಿಯ ಕೆಳಗಿನ ಸ್ಟೂಲು ಇವನ್ನೂ ಒಮ್ಮೆ ನೆಲದಲ್ಲಿ ಕೂತು ಮಗುವಿನ ಎತ್ತರದಿಂದ ನೋಡಿ.

ಮೊಣಕಾಲು ತರಚಿದರೆ ಸೋಪು ನೀರಿನಿಂದ ತೊಳೆದರಾಯಿತು. ಕಾಫಿಪುಡಿ, ಸುಣ್ಣ ಹಚ್ಚಬೇಡಿ. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದೆ ಮಂಕಾದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಸೋರಿದರೆ 108ಕ್ಕೆ ಫೋನ್ ಮಾಡಿ. ದೃಷ್ಟಿ ತೆಗೆಯುವುದೆಲ್ಲ ಆಸ್ಪತ್ರೆಯಿಂದ ಬಂದ ಮೇಲೆ ಆಗಲಿ.

"ನೀನ್ಯಾಕೆ ನೋಡ್ಕೊಳ್ಳಲಿಲ್ಲ?" ಎಂದು ಸೊಸೆಯನ್ನು ಜರೆಯುವ ಹಿರಿಯರಿಗೂ ಒಂದು ಕೆಲಸವಿದೆ. ಸಂಜೆ ಜಗಲಿಯಲ್ಲಿ ಕೂತಿರುತ್ತೀರಲ್ಲ ತಾತ, ಅಜ್ಜಿ, ಮಗು ಅಲ್ಲಿಂದಲೇ ಇಳಿಯಲಿ, ನಿಮ್ಮ ಕೈ ಅದರ ಬೆನ್ನ ಹಿಂದಿರಲಿ.