ಗಂಗಮ್ಮನ ಪೂಜೆಯೂ ಸಭೆಯ ಸಾಕ್ಷಿಯೂ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆನೀರನ್ನು ಹಿಡಿದಿಡುವ ಕೆರೆಗಳೇ ಇಲ್ಲಿನ ಬದುಕಿಗೆ ಆಧಾರ. ಆದಕಾರಣ ಕೆರೆ ತುಂಬಿ ಕೋಡಿ ಹರಿದಾಗ ಜನರು ಗಂಗಮ್ಮನನ್ನು ಪೂಜಿಸಿ, ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಧಾನ್ಯಗಳನ್ನಿಟ್ಟು ಬಾಗಿನ ಅರ್ಪಿಸುತ್ತಾರೆ. ಕೊಳವೆಬಾವಿ ಕೊರೆಯುವ ಮುನ್ನವೂ ಗಂಗೆಪೂಜೆ ನಡೆಯುತ್ತದೆ. ಕೋಲಾರದ ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ಭಕ್ತರು ತೀರ್ಥವೆಂದು ಸ್ವೀಕರಿಸುತ್ತಾರೆ. ಈ ಊರುಗಳ ಸಭಾಪಾಲಕರನ್ನು ಬಾಗಿನದ ದಿನ ಕೆರೆಯ ಏರಿಗೆ ಕರೆದರೆ ಅವರು ಏನು ಮಾಡಬೇಕು?

ಆದಿಸಭೆಯೂ ಇಂಥ ಪ್ರಶ್ನೆಯನ್ನು ಎದುರಿಸಿತು. ರೋಮನ್ನರು ಬಿರುಬೇಸಿಗೆಯ ಜುಲೈ 23ರಂದು ನೆಪ್ಚೂನನ ಹಬ್ಬವನ್ನೂ ಅಕ್ಟೋಬರ್ 13ರಂದು ಬುಗ್ಗೆಗಳ ದೇವತೆಯ ಹಬ್ಬವನ್ನೂ ಆಚರಿಸುತ್ತಿದ್ದರು. ಎರಡನೆಯದರಂದು ಬಾವಿಗಳಿಗೆ ಹೂಮಾಲೆ ತೊಡಿಸುತ್ತಿದ್ದರು. ಸುಮಾರು ಕ್ರಿ.ಶ. 200ರಲ್ಲಿ ಕಾರ್ಥೇಜಿನ ತೆರ್ತುಲ್ಯಾನನು ದೀಕ್ಷಾಸ್ನಾನವನ್ನು ಕುರಿತ ತನ್ನ ಪ್ರಬಂಧದಲ್ಲಿ ಅನ್ಯಮತೀಯರ ಜಲವಿಧಿಗಳನ್ನು ತಳ್ಳಿಹಾಕಿದನು. ಆದರೆ ನೀರನ್ನು ತಳ್ಳಿಹಾಕಲಿಲ್ಲ. ಆದಿಯಲ್ಲಿ ದೇವರಾತ್ಮನು ಜಲದ ಮೇಲೆ ಚಲಿಸಿದ್ದರಿಂದ (ಆದಿ. 1:2) ನೀರಿಗೆ ವಿಶೇಷ ಗೌರವವಿದೆ ಎಂದನು.

ಲುಸ್ತ್ರದಲ್ಲಿ ಪೌಲ ಬಾರ್ನಬರ ನಡೆ ಇನ್ನೂ ಸ್ಪಷ್ಟವಾಗಿದೆ (ಅ.ಕೃ. 14:15–17). ಅವರು ಬಲಿಯನ್ನು ತಡೆದರು. ಆದರೆ ಮಳೆಬೆಳೆಯಿಂದ ಜನರಿಗಾದ ಸಂತೋಷವನ್ನು ಹೀನೈಸದೆ, ಆ ಮಳೆಯೇ ಜೀವಸ್ವರೂಪನಾದ ದೇವರ ಸಾಕ್ಷಿಯೆಂದು ತೋರಿಸಿದರು. ಮಳೆ ಕೊಡುವವನು ಕರ್ತನೊಬ್ಬನೇ ಎಂದು ಬರಗಾಲದಲ್ಲಿ ಯೆರೆಮೀಯನು ಅರಿಕೆಮಾಡಿದ್ದೂ ಇದೇ ಸತ್ಯವನ್ನು (ಯೆರೆ. 14:22). ಆದ್ದರಿಂದ ನಾವು ಬಾಗಿನ ಅರ್ಪಿಸಲಾರೆವು. ಅದರ ಹಿಂದಿರುವ ಕೃತಜ್ಞತೆಯನ್ನು ಅಪಹಾಸ್ಯ ಮಾಡಲೂ ಆರೆವು.

ಇಲ್ಲಿಗೇ ನಿಂತರೆ ನಮ್ಮ ಉತ್ತರ ಅರ್ಧವಾಗುತ್ತದೆ. ನೀರನ್ನು ತಾಯಿಯೆಂದು ಪೂಜಿಸಿದ ಊರುಗಳಲ್ಲೇ ದಲಿತರಿಗೆ ಬಾವಿ ಮುಟ್ಟುವ ಹಕ್ಕಿರಲಿಲ್ಲ; ನಮ್ಮ ಸಭೆಗಳ ಅನೇಕ ಕುಟುಂಬಗಳು ಆ ನೋವನ್ನು ಬಲ್ಲವು. ಯೇಸುವಾದರೋ ಮುಟ್ಟಬಾರದವಳೆನಿಸಿದ ಸಮಾರ್ಯದ ಸ್ತ್ರೀಯಿಂದಲೇ ನೀರು ಬೇಡಿ, ಆ ಬಳಿಕ ಜೀವಜಲದ ಮಾತೆತ್ತಿದನು (ಯೋಹಾ. 4:7–10). ನೀರಿನ ನ್ಯಾಯವನ್ನು ಬಿಟ್ಟು ಜೀವಜಲವನ್ನು ಸಾರುವುದು ಸಲ್ಲದು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಕೆರೆಗಳು ತುಂಬಿದ ಸಂತೋಷದ ಜೊತೆಗೆ, ನೀರಿನ ಶುದ್ಧತೆಯ ಚಿಂತೆಯೂ ಬಂದಿದೆ. ಕರೆದಾಗ ನಾವು ಕೆರೆಯ ಏರಿಗೆ ಹೋಗೋಣ. ಪೂಜೆಯಲ್ಲಿ ಪಾಲುಗೊಳ್ಳದೆ, ನೀರು ಕೊಟ್ಟಾತನಿಗೆ ಸ್ತೋತ್ರ ಸಲ್ಲಿಸೋಣ, ಹೂಳೆತ್ತುವಾಗ ಕೈಜೋಡಿಸೋಣ, ನೀರಿನ ಪರೀಕ್ಷೆಯ ವರದಿಯನ್ನು ನೆರೆಯವರೊಡನೆ ಸೇರಿ ಕೇಳೋಣ. ದೀಕ್ಷಾಸ್ನಾನದ ನೀರಿನಿಂದ ಹೊಸ ಜನ್ಮ ಪಡೆದವರಿಗೆ ಊರಿನ ನೀರು ಪರಕೀಯವಲ್ಲ.