ಫ್ಲ್ಯಾಷ್ ಸ್ಮೃತಿಯ ಬರವಣಿಗೆಯೂ ಗಡಿಯಾರದ ವೇಗವೂ

ಓಲೆಗರಿಗಳ ಸಂರಕ್ಷಣೆಗೆ ಕೊಠಡಿಯ ತೇವಾಂಶವನ್ನು ಅರಿತಿರುವುದು ಅವಶ್ಯಕ. ಇದಕ್ಕಾಗಿ ನಾವು ಎಟಿಮೆಗಾ 328ಪಿ ಎಂಬ ಮೈಕ್ರೋಕಂಟ್ರೋಲರಿನಿಂದ ಮಾಪಕವೊಂದನ್ನು ಸಿದ್ಧಪಡಿಸಿದೆವು. ಬ್ಯಾಟರಿಯು ಹೆಚ್ಚು ದಿನ ಬಾಳಲೆಂದು ಅದರ ಗಡಿಯಾರದ ವೇಗವನ್ನು ತಗ್ಗಿಸಿದೆವು. ಅಂದಿನಿಂದ ಆ ಚಿಪ್ ಹೊಸ ಪ್ರೋಗ್ರಾಮನ್ನು ಸ್ವೀಕರಿಸದಾಯಿತು. ಮಳೆಗಾಲ ಸಮೀಪಿಸಿತ್ತು. ಕೆಟ್ಟಿತೆಂದು ನಾವು ಬಿಸುಡಲಿದ್ದ ಆ ಚಿಪ್ ವಾಸ್ತವವಾಗಿ ಕೆಟ್ಟಿರಲಿಲ್ಲ. ಇಂತಹ ವೈಫಲ್ಯದ ಕಾರಣವನ್ನೂ ಪರೀಕ್ಷೆಯ ಕ್ರಮವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ವಿದ್ಯುತ್ತು ನಿಂತರೂ ಬರಹವನ್ನು ಉಳಿಸಿಕೊಳ್ಳುವ ಸ್ಮೃತಿಗೆ ಫ್ಲ್ಯಾಷ್ ಎಂದು ಹೆಸರು. ಪ್ರೋಗ್ರಾಮರ್ ಎಂಬ ಉಪಕರಣವು ಚಿಪ್‌ಗೆ ಬರಹವನ್ನು ಒಂದೊಂದೇ ಬಿಟ್ಟಾಗಿ ಕಳುಹಿಸುತ್ತದೆ. ಪ್ರತಿಯೊಂದು ಬಿಟ್ಟಿನೊಡನೆ ಎಸ್‌ಸಿಕೆ ಎಂಬ ತಂತಿಯಲ್ಲಿ ಒಂದು ಸ್ಪಂದವನ್ನು ನೀಡುತ್ತದೆ. ಈ ಸ್ಪಂದವನ್ನು ಚಿಪ್ ತನ್ನ ಗಡಿಯಾರದ ಮಿಡಿತಕ್ಕನುಸಾರವಾಗಿ ಮಾತ್ರವೇ ಗುರುತಿಸಬಲ್ಲುದು. ಗಡಿಯಾರವು 12 ಮೆಗಾಹರ್ಟ್ಸ್‌ಗಿಂತ ಕಡಿಮೆಯಿದ್ದಲ್ಲಿ, ಸ್ಪಂದದ ಏರುಭಾಗ ಇಳಿಭಾಗಗಳೆರಡೂ ಎರಡು ಮಿಡಿತಗಳಿಗಿಂತ ದೀರ್ಘವಾಗಿರಬೇಕು. 12 ಅಥವಾ ಅದಕ್ಕೂ ಹೆಚ್ಚಿದ್ದಲ್ಲಿ ಮೂರು ಮಿಡಿತಗಳಿಗಿಂತ. ಎಂದರೆ ಎಸ್‌ಸಿಕೆಯ ವೇಗವು ಗಡಿಯಾರದ ವೇಗದ ನಾಲ್ಕನೆಯ ಒಂದು ಅಥವಾ ಆರನೆಯ ಒಂದು ಭಾಗಕ್ಕಿಂತ ಕಡಿಮೆಯಿರಬೇಕು.

ಹೊಸ ಚಿಪ್‌ನಲ್ಲಿ 8 ಮೆಗಾಹರ್ಟ್ಸ್ ವೇಗವು 8ರಿಂದ ಭಾಗಿಸಲ್ಪಟ್ಟು 1 ಮೆಗಾಹರ್ಟ್ಸ್ ಆಗಿರುತ್ತದೆ. ಆಗ ಎಸ್‌ಸಿಕೆಯ ಮಿತಿ 250 ಕಿಲೋಹರ್ಟ್ಸ್. ನಾವು 128 ಕಿಲೋಹರ್ಟ್ಸ್‌ನ ಒಳ ಗಡಿಯಾರವನ್ನು ಆಯ್ದುಕೊಂಡೆವು, ಆದರೆ 8ರ ಭಾಗಾಕಾರವನ್ನು ತೆಗೆಯಲು ಮರೆತೆವು. ಉಳಿದುದು 16 ಕಿಲೋಹರ್ಟ್ಸ್. ಎಸ್‌ಸಿಕೆಯ ಮಿತಿ ಕೇವಲ 4. ಪ್ರೋಗ್ರಾಮರ್ ಮಾತ್ರ ಹಿಂದಿನ ವೇಗದಲ್ಲಿಯೇ ಇದ್ದಿತು. ಗಡಿಯಾರದ ಬದಲಾವಣೆಯು ಪ್ರೋಗ್ರಾಮಿಂಗ್ ಮುಗಿದ ತರುವಾಯವೇ ಜಾರಿಗೆ ಬರುವುದರಿಂದ, ಬದಲಾಯಿಸಿದ ಆಜ್ಞೆ ಸಫಲವಾಗಿ, ಅದರ ಮುಂದಿನ ಪ್ರಯತ್ನ ವಿಫಲವಾಗುತ್ತದೆ. ಭ್ರಮೆಗೆ ಇದೇ ಮೂಲ.

ಆದುದರಿಂದ ಪರೀಕ್ಷೆಯು ಈ ಕ್ರಮದಲ್ಲಿ ನಡೆಯುವುದು ಯುಕ್ತ. ಮೊದಲನೆಯದಾಗಿ, ಎಸ್‌ಸಿಕೆಯನ್ನು ಮಿತಿಗಿಂತ ಬಹಳ ಕೆಳಗಿಳಿಸಿ ಚಿಪ್‌ನ ಗುರುತಿನ ಸಂಖ್ಯೆಯನ್ನು ಓದಬೇಕು. ಈ ಚಿಪ್‌ಗೆ ಅದು 1ಇ 95 0ಎಫ್. ಅದು ದೊರೆತರೆ ಚಿಪ್ ಸಜೀವವೆಂದು ತಿಳಿಯಬೇಕು. ಎರಡನೆಯದಾಗಿ, ಅದು ದೊರೆಯದಿದ್ದರೆ, ಹೊರಗಿನ ಸ್ಫಟಿಕವನ್ನು ಆಯ್ದು ಅದನ್ನು ಜೋಡಿಸದೆ ಬಿಟ್ಟಿರುವೆವೆ ಎಂದು ನೋಡಬೇಕು. ಸ್ಫಟಿಕವಿಲ್ಲದಿದ್ದರೆ ಗಡಿಯಾರವೇ ನಡೆಯದು. ಆಗ ಎಸ್‌ಸಿಕೆಯನ್ನು ಎಷ್ಟು ನಿಧಾನಗೊಳಿಸಿದರೂ ಫಲವಿಲ್ಲ. ಮೂರನೆಯದಾಗಿ, ಗುರುತು ಸರಿಯಾಗಿ ಬಂದು, ಬರೆದುದನ್ನು ಮರಳಿ ಓದಿದಾಗ ವ್ಯತ್ಯಾಸ ಕಂಡರೆ, ವಿದ್ಯುದೊತ್ತಡವನ್ನೂ ತಂತಿಗಳ ಉದ್ದವನ್ನೂ ಪರಿಶೀಲಿಸಬೇಕು. 20 ಮೆಗಾಹರ್ಟ್ಸ್‌ಗೆ ಕನಿಷ್ಠ 4.5 ವೋಲ್ಟ್ ಬೇಕು, 2.7 ವೋಲ್ಟ್‌ನಲ್ಲಿ 10 ಮೆಗಾಹರ್ಟ್ಸ್ ಮೀರಬಾರದು.

ನಾವು ಎಸ್‌ಸಿಕೆಯನ್ನು 2 ಕಿಲೋಹರ್ಟ್ಸ್‌ಗೆ ಇಳಿಸಿದೊಡನೆ ಗುರುತು ದೊರೆಯಿತು. ಚಿಪ್ಪಿನ ಗಡಿಯಾರವನ್ನು ಮೊದಲಿನ ವೇಗಕ್ಕೆ ತಂದು ಪ್ರೋಗ್ರಾಮನ್ನು ಬರೆದೆವು; ಮೊದಲ ಮಳೆಗೆ ಮುನ್ನವೇ ಮಾಪಕವು ಓಲೆಗರಿಗಳ ಕೊಠಡಿಯನ್ನು ಸೇರಿತು. ಸಾಕ್ಷಿಯು ಮೌನವಾಗಿರುವಲ್ಲಿ, ಪ್ರಶ್ನೆಯು ಅದಕ್ಕೆ ಕೇಳಿಸಿತೇ ಎಂದು ಮೊದಲು ವಿಚಾರಿಸಬೇಕೆಂಬುದು ಇತಿಹಾಸದ ವಿದ್ಯಾರ್ಥಿಗೆ ಹೊಸ ಪಾಠವೇನಲ್ಲ.